ಹೆಣ್ಣು–ಗಂಡು: ನಂಬಿಕೆ ಎಷ್ಟು, ವಿಜ್ಞಾನ ಎಷ್ಟು?

ಈ ದಿನದ ವಿಷಯಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಮನೆಯ ಜಗುಲಿಯ ಮೇಲೆಯೇ ಇದೆ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಅಕ್ಕಪಕ್ಕದವರ ಮಾತಿಗೆ ಕಿವಿಗೊಟ್ಟರೂ ಸಾಕು. "ಹೆಣ್ಮಕ್ಳಿಗೆ ಲೆಕ್ಕ ತಲೆಗೆ ಹತ್ತಾಕಿಲ್ಲ." "ಗಂಡ್ಸಾಗಿ ಅಳ್ತಾ ಕೂತಿದ್ದೀಯಲ್ಲೋ." "ಪಾಪ, ಅವ್ಳಿಗೆ ಬರೀ ಹೆಣ್ಣೇ ಆಯ್ತವೆ ಕಣಕ್ಕ." ಇಂಥ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ, ಕೆಲವನ್ನು ಆಡಿಯೂ ಇದ್ದೇವೆ.

ಈ ಮಾತುಗಳಲ್ಲಿ ಒಂದು ವಿಶೇಷವಿದೆ. ಪ್ರತಿಯೊಂದೂ ಪ್ರಕೃತಿಯ ಬಗ್ಗೆ ಮಾಡಿದ ಒಂದು ಹೇಳಿಕೆ. ಹೇಳಿಕೆ ಎಂದ ಮೇಲೆ ಅದನ್ನು ಪರೀಕ್ಷಿಸಬಹುದು. ವಿಜ್ಞಾನದ ವಿದ್ಯಾರ್ಥಿ ಇಂಥ ಮಾತು ಕೇಳಿದಾಗ ಕೋಪಿಸಿಕೊಳ್ಳಬೇಕಾಗಿಲ್ಲ, ತಲೆದೂಗಬೇಕಾಗಿಯೂ ಇಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು. ಒಂದು: ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ? ಎರಡು: ಅಳೆದದ್ದು ಸರಾಸರಿಯನ್ನೋ, ಅಥವಾ ಒಬ್ಬೊಬ್ಬ ವ್ಯಕ್ತಿಯನ್ನೋ? ಮೂರು: ಕಂಡ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ, ಬೆಳೆಸಿದ ರೀತಿಯಿಂದ ಬಂದದ್ದೋ?

ಈ ಮೂರು ಪ್ರಶ್ನೆಗಳನ್ನು ಹಿಡಿದು ಮೂರು ನಂಬಿಕೆಗಳನ್ನು ನೋಡೋಣ. ಕೊನೆಯ ನಂಬಿಕೆ ನಮ್ಮ ಮಂಡ್ಯ ಜಿಲ್ಲೆಗೆ ತೀರಾ ಹತ್ತಿರದ್ದು. ಅದು ಬರಿಯ ಮಾತಿನ ವಿಷಯವಲ್ಲ, ಪ್ರಾಣದ ವಿಷಯ.

ಮೊಣಕಾಲ ಕೆಳಗಿನ ಬುದ್ಧಿ

"ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಇದು ನಮ್ಮ ಹಳ್ಳಿಯವರು ಮಾತ್ರ ಆಡಿದ ಮಾತೆಂದು ತಿಳಿಯಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದೊಡ್ಡ ದೊಡ್ಡ ವಿದ್ವಾಂಸರು ಇದೇ ಮಾತನ್ನು ತಕ್ಕಡಿ ಹಿಡಿದು ಹೇಳಿದರು. ಫ್ರಾನ್ಸಿನ ಪಾಲ್ ಬ್ರೋಕಾ ಎಂಬ ವೈದ್ಯ ಸತ್ತವರ ಮಿದುಳುಗಳನ್ನು ತೂಗಿ, ಗಂಡಸಿನ ಮಿದುಳಿನ ತೂಕ ಹೆಚ್ಚೆಂದು ತೋರಿಸಿದ.

ತೂಕದ ಲೆಕ್ಕ ಸುಳ್ಳಲ್ಲ. ಸರಾಸರಿ ನೋಡಿದರೆ ಗಂಡಸಿನ ಮಿದುಳು ಹೆಂಗಸಿನದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತೂಗುತ್ತದೆ. ಆದರೆ ತೂಕ ಹೆಚ್ಚಿದರೆ ಬುದ್ಧಿ ಹೆಚ್ಚೇ? ಹಾಗಾದರೆ ಸುಮಾರು ಐದು ಕಿಲೋ ಮಿದುಳಿರುವ ಆನೆ ನಮಗೆಲ್ಲ ಪಾಠ ಹೇಳಬೇಕಾಗಿತ್ತು. ದೊಡ್ಡ ಮೈಗೆ ದೊಡ್ಡ ಮಿದುಳು, ಅಷ್ಟೇ. ಆಲ್ಬರ್ಟ್ ಐನ್‌ಸ್ಟೀನ್ 1955ರಲ್ಲಿ ತೀರಿಕೊಂಡಾಗ ಅವರ ಮಿದುಳನ್ನು ತೂಗಿದರು. ಅದು ಇದ್ದದ್ದು 1,230 ಗ್ರಾಂ. ಸಾಮಾನ್ಯ ಗಂಡಸಿನ ಸರಾಸರಿಗಿಂತ ಕಡಿಮೆ.

ಗಣಿತದ ಮಾತಿಗೆ ಬರೋಣ. 2008ರಲ್ಲಿ ಅಮೆರಿಕದ ಜಾನೆಟ್ ಹೈಡ್ ಮತ್ತು ಅವರ ಸಂಗಡಿಗರು ಎಪ್ಪತ್ತು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಗಣಿತದ ಅಂಕಗಳನ್ನು ಪರಿಶೀಲಿಸಿದರು. ಹುಡುಗ ಹುಡುಗಿಯರ ಸರಾಸರಿಯಲ್ಲಿ ಲೆಕ್ಕಕ್ಕೆ ಹಿಡಿಯುವಂಥ ಅಂತರವೇ ಕಾಣಲಿಲ್ಲ. 2003ರಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಐಸ್‌ಲೆಂಡಿನ ಹುಡುಗಿಯರು ಗಣಿತದಲ್ಲಿ ತಮ್ಮ ದೇಶದ ಹುಡುಗರನ್ನೇ ಹಿಂದೆ ಹಾಕಿದರು. ಒಂದು ದೇಶದಲ್ಲಿ ಹುಡುಗರು ಮುಂದು, ಇನ್ನೊಂದು ದೇಶದಲ್ಲಿ ಹುಡುಗಿಯರು ಮುಂದು ಎಂದರೆ ಆ ವ್ಯತ್ಯಾಸ ಮಿದುಳಿನಲ್ಲಿ ಅಚ್ಚಾದದ್ದಲ್ಲ ಎಂದು ಅರ್ಥ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಲವು ವರ್ಷಗಳಿಂದ ಹುಡುಗಿಯರ ಉತ್ತೀರ್ಣ ಪ್ರಮಾಣವೇ ಹೆಚ್ಚು ಎಂಬುದನ್ನು ನೀವು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೀರಿ.

ಹಾಗೆಂದು ಯಾವ ವ್ಯತ್ಯಾಸವೂ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದು ವಸ್ತುವಿನ ಚಿತ್ರ ನೋಡಿ ಅದನ್ನು ಮನಸ್ಸಿನಲ್ಲೇ ತಿರುಗಿಸಿ ಗುರುತಿಸುವ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ಮೇಲಿರುತ್ತದೆ. ಪದಗಳನ್ನು ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಹೆಂಗಸರ ಸರಾಸರಿ ಮೇಲಿರುತ್ತದೆ. ಆದರೆ ಮೊದಲನೆಯ ಅಂತರ ಅಭ್ಯಾಸ ಮಾಡಿಸಿದರೆ ಕಡಿಮೆಯಾಗುತ್ತದೆ ಎಂದೂ ಪ್ರಯೋಗಗಳು ತೋರಿಸಿವೆ. ಇಲ್ಲಿ ನಮ್ಮ ಎರಡನೆಯ ಪ್ರಶ್ನೆಯನ್ನು ನೆನೆಯಿರಿ. ಸರಾಸರಿ ಎಂಬುದು ಗುಂಪಿನ ಗುಣ, ವ್ಯಕ್ತಿಯ ಗುಣವಲ್ಲ. ಗಂಡಸರ ಸರಾಸರಿ ಎತ್ತರ ಹೆಂಗಸರದಕ್ಕಿಂತ ಹೆಚ್ಚು. ಆದರೂ ನಿಮ್ಮ ತರಗತಿಯಲ್ಲಿ ಎಷ್ಟೋ ಹುಡುಗರಿಗಿಂತ ಎತ್ತರದ ಹುಡುಗಿಯರು ಇರುತ್ತಾರೆ. ಎತ್ತರದಂಥ ಕಣ್ಣಿಗೆ ಕಾಣುವ ವಿಷಯದಲ್ಲೇ ಹೀಗಾದರೆ, ಬುದ್ಧಿಯ ವಿಷಯದಲ್ಲಿ ಸರಾಸರಿ ನೋಡಿ ಒಬ್ಬಳ ದಾರಿಯನ್ನು ತೀರ್ಮಾನಿಸುವುದು ಸರಿಯೇ?

ಇಂಥ ತೀರ್ಮಾನ ಬೆಂಗಳೂರಿನಲ್ಲೇ ಒಮ್ಮೆ ನಡೆದಿತ್ತು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಆಕೆ ಬೆಂಗಳೂರಿಗೇ ಬಂದು ಕಾರಣ ಕೇಳಿದಳು, ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ, ಮೊದಲ ವರ್ಷ ಪರೀಕ್ಷಾರ್ಥವಾಗಿ, ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ರಾಮನ್ ಅವರೇ ಸಂಸ್ಥೆಯ ಬಾಗಿಲನ್ನು ಇತರ ಹೆಣ್ಣುಮಕ್ಕಳಿಗೂ ತೆರೆದರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ನೊಬೆಲ್ ಪಡೆದ ವಿಜ್ಞಾನಿಯೂ ಅಳೆಯದೆ ನಂಬಿದರೆ ಹೀಗಾಗುತ್ತದೆ. ಅಳೆದು ನೋಡಿದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡರೆ ಅದೂ ವಿಜ್ಞಾನವೇ.

ಯಾರು ಅಬಲೆ?

ಎರಡನೆಯ ನಂಬಿಕೆ, ಹೆಣ್ಣು ಅಬಲೆ ಎಂಬುದು. ತೋಳಿನ ಬಲವನ್ನು ಅಳೆದರೆ ಗಂಡಸರ ಸರಾಸರಿ ನಿಜವಾಗಿಯೂ ಬಹಳ ಮೇಲಿದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರ ಬಲದಲ್ಲಿ ಹೆಚ್ಚು ಅಂತರವಿರುವುದಿಲ್ಲ. ಹರೆಯಕ್ಕೆ ಬಂದಾಗ ಹುಡುಗರ ದೇಹದಲ್ಲಿ ಟೆಸ್ಟೊಸ್ಟೀರೋನ್ ಎಂಬ ರಸದೂತ ಹೆಚ್ಚಾಗಿ, ಮಾಂಸಖಂಡಗಳು ಬಲಿಯುತ್ತವೆ. ಈ ರಸದೂತ ಹೆಣ್ಣಿನ ದೇಹದಲ್ಲೂ ಇದೆ, ಪ್ರಮಾಣ ಕಡಿಮೆ. ಹೆಣ್ಣಿನ ರಸದೂತವೆಂದು ಕರೆಯುವ ಈಸ್ಟ್ರೋಜೆನ್ ಗಂಡಿನ ದೇಹದಲ್ಲೂ ಇದೆ.

ಆದರೆ ಬಲವೆಂದರೆ ತೋಳಿನ ಬಲ ಒಂದೇ ಅಲ್ಲ. ಬದುಕಿ ಉಳಿಯುವುದೂ ಒಂದು ಬಲ. ಪ್ರಪಂಚದ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಹೆಂಗಸರ ಸರಾಸರಿ ಆಯಸ್ಸು ಗಂಡಸರದಕ್ಕಿಂತ ಹೆಚ್ಚು. ಸಮಾನವಾದ ಆರೈಕೆ ಸಿಕ್ಕಿದರೆ, ಹುಟ್ಟಿದ ಮೊದಲ ದಿನಗಳಲ್ಲಿ ಅಪಾಯ ಹೆಚ್ಚಿರುವುದು ಗಂಡು ಶಿಶುವಿಗೆ. ಬಣ್ಣಗುರುಡು, ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ಮುಂತಾದ ದೋಷಗಳು ಗಂಡಸರಲ್ಲೇ ಹೆಚ್ಚು. ಕಾರಣವನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಮದ್ದೂರು ಸೀಮೆಯ ಗದ್ದೆಗಳಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು ಬಹುಮಟ್ಟಿಗೆ ಹೆಂಗಸರು. ಕೆಸರಿನಲ್ಲಿ ಬೆನ್ನು ಬಾಗಿಸಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವ ಆ ಕೆಲಸ ಮುಗಿಸಿ, ಮನೆಗೆ ಬಂದು ಹಿಟ್ಟು ತೊಳಸಿ ಮುದ್ದೆ ಕಟ್ಟುವವರೂ ಅವರೇ. ಇವರನ್ನು ಅಬಲೆಯರೆಂದು ಕರೆಯುವವರು ಒಂದು ದಿನ ಅವರ ಜೊತೆ ಗದ್ದೆಗೆ ಇಳಿದು ನೋಡಬಹುದು.

ಇದೇ ನಂಬಿಕೆಯ ಇನ್ನೊಂದು ಮುಖ, ಗಂಡಸು ಅಳಬಾರದು ಎಂಬುದು. ಕಣ್ಣೀರಿನ ಗ್ರಂಥಿ ಇಬ್ಬರಿಗೂ ಇದೆ. ತೊಟ್ಟಿಲಿನ ಮಗು ಅಳುವಾಗ ನಾನು ಗಂಡು ಎಂದು ಯೋಚಿಸುವುದಿಲ್ಲ. ಹುಡುಗರು ಅಳುವನ್ನು ನುಂಗಲು ಕಲಿಯುವುದು ನಮ್ಮಿಂದ. ನೋವನ್ನು ಹೇಳಿಕೊಳ್ಳಬಾರದೆಂದು ಕಲಿತ ಹುಡುಗನಿಗೂ ಈ ನಂಬಿಕೆಯಿಂದ ನಷ್ಟವೇ.

ತೀರ್ಮಾನ ಯಾರದು?

ಇದುವರೆಗೆ ನೋಡಿದ ನಂಬಿಕೆಗಳು ಅವಕಾಶವನ್ನು ಕಸಿಯುವಂಥವು. ಮೂರನೆಯದು ಹುಟ್ಟನ್ನೇ ಕಸಿಯುತ್ತದೆ. "ಅವಳಿಗೆ ಬರೀ ಹೆಣ್ಣೇ ಆಗುತ್ತವೆ" ಎಂಬ ಮಾತಿನಲ್ಲಿ, ಮಗು ಹೆಣ್ಣೋ ಗಂಡೋ ಎಂಬುದನ್ನು ತಾಯಿಯ ಒಡಲು ತೀರ್ಮಾನಿಸುತ್ತದೆ ಎಂಬ ನಂಬಿಕೆ ಅಡಗಿದೆ. ಈ ಒಂದು ನಂಬಿಕೆಯಿಂದ ಎಷ್ಟು ಹೆಣ್ಣುಮಕ್ಕಳು ಮಾತು ಕೇಳಿದ್ದಾರೆ, ತವರಿಗೆ ಮರಳಿದ್ದಾರೆ, ಮನೆಗೆ ಸವತಿ ಬಂದದ್ದನ್ನು ನೋಡಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ.

ವಿಜ್ಞಾನ ಏನು ಹೇಳುತ್ತದೆ? ನಮ್ಮ ದೇಹದ ಜೀವಕೋಶಗಳಲ್ಲಿ ದಾರದಂಥ ವರ್ಣತಂತುಗಳಿವೆ, ಇಪ್ಪತ್ತಮೂರು ಜೊತೆ. ಅವುಗಳಲ್ಲಿ ಒಂದು ಜೊತೆ ಲಿಂಗಕ್ಕೆ ಸಂಬಂಧಿಸಿದ್ದು. ಹೆಣ್ಣಿನಲ್ಲಿ ಅದು ಎಕ್ಸ್–ಎಕ್ಸ್, ಗಂಡಿನಲ್ಲಿ ಎಕ್ಸ್–ವೈ. ತಾಯಿಯ ಅಂಡಾಣುವಿಗೆ ಈ ಜೊತೆಯಿಂದ ಒಂದು ತಂತು ಬರುತ್ತದೆ. ಅವಳಲ್ಲಿ ಇರುವುದೆಲ್ಲ ಎಕ್ಸ್ ಆದ್ದರಿಂದ ಅಂಡಾಣುವಿನಲ್ಲೂ ಎಕ್ಸ್ ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಎಕ್ಸ್ ಹೊತ್ತ ವೀರ್ಯಾಣು ಅಂಡಾಣುವನ್ನು ಸೇರಿದರೆ ಹೆಣ್ಣು, ವೈ ಹೊತ್ತದ್ದು ಸೇರಿದರೆ ಗಂಡು. ಅಂದರೆ ವ್ಯತ್ಯಾಸ ಮಾಡುವ ತಂತು ಬರುವುದು ತಂದೆಯಿಂದ. ಬಣ್ಣಗುರುಡಿನ ಕಾರಣವೂ ಇಲ್ಲೇ ಇದೆ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಇನ್ನೊಂದು ಎಕ್ಸ್ ಕೆಲಸ ತೂಗಿಸುತ್ತದೆ. ಗಂಡಿಗೆ ಇರುವುದು ಒಂದೇ.

ಇದನ್ನು ಕಂಡುಹಿಡಿದವರಲ್ಲಿ ಮುಖ್ಯರಾದವರು ಒಬ್ಬ ಹೆಂಗಸು. ಅಮೆರಿಕದ ನೆಟ್ಟಿ ಸ್ಟೀವನ್ಸ್ 1905ರಲ್ಲಿ ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಣ್ಣು ಹುಳುವಿನಲ್ಲಿ ಇಪ್ಪತ್ತು ದೊಡ್ಡ ವರ್ಣತಂತುಗಳು. ಗಂಡು ಹುಳುವಿನಲ್ಲಿ ಹತ್ತೊಂಬತ್ತು ದೊಡ್ಡವು, ಒಂದು ಪುಟ್ಟದು. ಆ ಪುಟ್ಟದೇ ನಾವು ಇಂದು ವೈ ಎನ್ನುವ ತಂತು. ಅದರಲ್ಲಿ ಗಂಡಿನ ಬೆಳವಣಿಗೆಯನ್ನು ಶುರುಮಾಡುವ ವಂಶವಾಹಿ ಪತ್ತೆಯಾದದ್ದು 1990ರಲ್ಲಿ. ಅದು ಕೆಲಸ ಆರಂಭಿಸುವವರೆಗೆ, ಮೊದಲ ಆರು ವಾರಗಳ ಕಾಲ, ಭ್ರೂಣದ ರಚನೆ ಹೆಣ್ಣಿನದೂ ಗಂಡಿನದೂ ಒಂದೇ ತರಹ.

ವರ್ಣತಂತು ಎಣಿಸುವ ಈ ವಿದ್ಯೆಗೂ ಮಂಡ್ಯದ ಕಬ್ಬಿಗೂ ನಂಟಿದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದ ಕಬ್ಬಿನ ತಳಿಗಳಲ್ಲಿ ಅನೇಕವು ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಿಂದ ಬಂದವು. 1930ರ ದಶಕದಲ್ಲಿ ಆ ಕೇಂದ್ರದಲ್ಲಿ ಕುಳಿತು ಕಬ್ಬಿನ ವರ್ಣತಂತುಗಳನ್ನು ಅಧ್ಯಯನ ಮಾಡಿದವರು ಇ.ಕೆ. ಜಾನಕಿ ಅಮ್ಮಾಳ್, ಕೇರಳದ ಹೆಣ್ಣುಮಗಳು.

ನಮ್ಮಲ್ಲಿ ಹೆಣ್ಣನ್ನು ಹೊಲಕ್ಕೆ, ಗಂಡನ್ನು ಬೀಜಕ್ಕೆ ಹೋಲಿಸುವ ರೂಢಿಯಿದೆ. ಆ ಹೋಲಿಕೆಯನ್ನೇ ಹಿಡಿದರೂ, ರಾಗಿ ಬಿತ್ತಿ ಭತ್ತ ಬೆಳೆಯಲಿಲ್ಲವೆಂದು ಹೊಲವನ್ನು ಬೈಯುವ ರೈತ ಈ ಸೀಮೆಯಲ್ಲಿ ಯಾರಿದ್ದಾರೆ? ನಿಜ ಹೇಳಬೇಕೆಂದರೆ ಆ ಹೋಲಿಕೆಯೂ ಅರ್ಧ ಸತ್ಯ. ತಾಯಿ ಬರಿಯ ಹೊಲವಲ್ಲ. ಮಗುವಿನ ವರ್ಣತಂತುಗಳಲ್ಲಿ ಅರ್ಧ ಅವಳವು. ಹಾಗೆಯೇ, ತಾಯಿಯ ಮೇಲಿನ ತಪ್ಪನ್ನು ತೆಗೆದು ತಂದೆಯ ತಲೆಗೆ ಕಟ್ಟುವಂತೆಯೂ ಇಲ್ಲ. ಯಾವ ವೀರ್ಯಾಣು ಮುಂದೆ ಹೋಗಬೇಕೆಂದು ಅವನು ಆರಿಸುವುದಿಲ್ಲ. ಇಲ್ಲಿ ಯಾರ ತಪ್ಪೂ ಇಲ್ಲ, ಏಕೆಂದರೆ ಇಲ್ಲಿ ತಪ್ಪೇ ಇಲ್ಲ.

ನಾಣ್ಯದ ಲೆಕ್ಕ

"ಮೂರು ಹೆಣ್ಣಾಯಿತು, ನಾಲ್ಕನೆಯದು ಗಂಡೇ ಆಗಬೇಕು" ಎನ್ನುವವರೂ ಇದ್ದಾರೆ. ಇದನ್ನು ನೀವೇ ಪರೀಕ್ಷಿಸಿ. ತರಗತಿಯಲ್ಲಿ ನಲವತ್ತೆಂಟು ಜನ ಇದ್ದರೆ ಪ್ರತಿಯೊಬ್ಬರೂ ಒಂದು ನಾಣ್ಯವನ್ನು ನಾಲ್ಕು ಸಲ ಚಿಮ್ಮಿ, ಬಿದ್ದದ್ದನ್ನು ಬರೆದುಕೊಳ್ಳಿ. ಒಂದು ಮುಖ ಹೆಣ್ಣು, ಇನ್ನೊಂದು ಗಂಡು ಎಂದಿಟ್ಟುಕೊಳ್ಳಿ. ನಾಲ್ಕಕ್ಕೆ ನಾಲ್ಕೂ ಹೆಣ್ಣು ಬೀಳುವ ಸಾಧ್ಯತೆ ಹದಿನಾರರಲ್ಲಿ ಒಂದು. ಅಂದರೆ ನಿಮ್ಮಲ್ಲಿ ಸುಮಾರು ಮೂವರಿಗೆ ಹಾಗೆ ಬೀಳಬಹುದು. ಆ ಮೂವರಲ್ಲಿ ದೋಷವೇನಾದರೂ ಇದೆಯೇ? ಅವರು ಐದನೆಯ ಸಲ ಚಿಮ್ಮಿದರೆ ನಾಣ್ಯಕ್ಕೆ ಹಿಂದಿನ ನಾಲ್ಕು ಸಲದ ನೆನಪು ಇರುವುದಿಲ್ಲ. ವೀರ್ಯಾಣುವಿಗೂ ಇರುವುದಿಲ್ಲ.

ಬಸುರಿಯ ಹೊಟ್ಟೆಯ ಆಕಾರ, ಮುಖದ ಕಳೆ, ಹುಳಿ ಸಿಹಿಯ ಬಯಕೆ ನೋಡಿ ಗಂಡೋ ಹೆಣ್ಣೋ ಹೇಳುವ ಅಜ್ಜಿಯರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮಾತು ಅನೇಕ ಸಲ ನಿಜವಾಗುತ್ತದೆ. ಆಗಲೇಬೇಕು! ಕಣ್ಣು ಮುಚ್ಚಿ ಹೇಳಿದರೂ ನೂರಕ್ಕೆ ಐವತ್ತು ಸರಿ. ಸರಿಯಾದದ್ದನ್ನು ಊರು ನೆನಪಿಡುತ್ತದೆ, ತಪ್ಪಿದ್ದನ್ನು ಮರೆಯುತ್ತದೆ. ಇನ್ನು ಗಂಡು ಮಗುವಿಗೆಂದು ಔಷಧಿ ಕೊಡುವವರ ಮಾತು. ಮಗುವಿನ ವರ್ಣತಂತುಗಳ ಜೊತೆ ಗೊತ್ತಾಗುವುದು ಅಂಡಾಣು ವೀರ್ಯಾಣು ಕೂಡಿದ ಗಳಿಗೆಯಲ್ಲಿ. ಬಸಿರು ನಿಂತಿದೆಯೆಂದು ತಾಯಿಗೆ ತಿಳಿಯುವ ಹೊತ್ತಿಗೆ ಆ ಕೆಲಸ ಮುಗಿದು ವಾರಗಳೇ ಕಳೆದಿರುತ್ತವೆ. ಯಾವ ಬೇರು, ಯಾವ ಲೇಹ್ಯವೂ ಅದನ್ನು ಬದಲಿಸಲಾರದು.

ಆಲೆಮನೆಯಲ್ಲಿ ನಡೆದದ್ದು

ಆಲೆಮನೆ ಎಂದೊಡನೆ ನಮಗೆ ನೆನಪಾಗುವುದು ಬಿಸಿ ಬೆಲ್ಲದ ಘಮ, ಕೈಯಲ್ಲೊಂದು ಲೋಟ ಕಬ್ಬಿನ ಹಾಲು. 2023ರ ಕೊನೆಯ ತಿಂಗಳುಗಳಲ್ಲಿ ಆ ಹೆಸರು ಬೇರೆ ಕಾರಣಕ್ಕೆ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದರು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಗರ್ಭಿಣಿಯರನ್ನು ಕರೆತಂದು, ಹೆಣ್ಣೆಂದು ಕಂಡರೆ ಗರ್ಭಪಾತಕ್ಕೆ ಕಳಿಸುತ್ತಿದ್ದರು ಎಂದು ತನಿಖೆಯಲ್ಲಿ ಹೊರಬಂತು. ಪ್ರಕರಣ ಸಿ.ಐ.ಡಿ.ಗೆ ಹೋಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದಿಂದಲೂ ಇಂಥದೇ ಸುದ್ದಿ ಬಂತು.

ಸ್ಕ್ಯಾನಿಂಗ್ ಯಂತ್ರ ಕೆಟ್ಟದ್ದಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಆ ಯಂತ್ರ ಲಕ್ಷಾಂತರ ತಾಯಿ ಮಕ್ಕಳ ಜೀವ ಉಳಿಸಿದೆ. ಅದೇ ಯಂತ್ರ ಹಳೆಯ ನಂಬಿಕೆಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಜನಗಣತಿ ಹೇಳುತ್ತದೆ. ಪ್ರಕೃತಿಯಲ್ಲಿ ಸುಮಾರು 105 ಗಂಡು ಮಕ್ಕಳಿಗೆ 100 ಹೆಣ್ಣುಮಕ್ಕಳು ಹುಟ್ಟುತ್ತಾರೆ. ಅಂದರೆ ಸಾವಿರ ಗಂಡಿಗೆ 950ರ ಆಸುಪಾಸು ಹೆಣ್ಣು. ನಮ್ಮ ದೇಶದಲ್ಲಿ ಆರು ವರ್ಷದವರೆಗಿನ ಮಕ್ಕಳನ್ನು ಎಣಿಸಿದಾಗ ಸಾವಿರ ಗಂಡು ಮಕ್ಕಳಿಗೆ 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 918 ಹೆಣ್ಣುಮಕ್ಕಳಿದ್ದರು. ಸಾಕ್ಷರತೆ ಏರಿದ, ಆಸ್ಪತ್ರೆಗಳು ಹೆಚ್ಚಿದ ವರ್ಷಗಳಲ್ಲೇ ಈ ಸಂಖ್ಯೆ ಇಳಿಯಿತು. ಯಂತ್ರ ಬಂದರೆ ಸಾಲದು, ವಿಜ್ಞಾನದ ಮನಸ್ಸೂ ಬರಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

1994ರಲ್ಲಿ ಬಂದ ಕಾಯಿದೆಯ ಪ್ರಕಾರ ಭ್ರೂಣದ ಲಿಂಗವನ್ನು ಪತ್ತೆ ಮಾಡಿ ತಿಳಿಸುವುದು ಅಪರಾಧ, ಕೇಳುವುದೂ ಅಪರಾಧ. ಆ ಕಾಯಿದೆಯಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಗರ್ಭಿಣಿಯೊಬ್ಬಳು ಇಂಥ ಪರೀಕ್ಷೆಗೆ ಹೋಗಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಗಂಡ ಅಥವಾ ನೆಂಟರು ಅವಳನ್ನು ಒತ್ತಾಯಿಸಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕು. ಬಸುರಿಯ ಮೇಲೆ ಮನೆಯ ಒತ್ತಡ ಎಷ್ಟಿರುತ್ತದೆ ಎಂಬುದು ಕಾಯಿದೆ ಬರೆದವರಿಗೆ ಗೊತ್ತಿತ್ತು.

"ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎನ್ನುವಾಗಲೂ ನಾವು ಕೀರ್ತಿಯನ್ನು ಮಗನಿಗೇ ಮೀಸಲಿಡುತ್ತೇವೆ. ಮಗ ಬೇಕೆನ್ನುವುದಕ್ಕೆ ವರದಕ್ಷಿಣೆಯ ಹೆದರಿಕೆ, ಜಮೀನು ಬೇರೆ ಮನೆಗೆ ಹೋಗುತ್ತದೆಂಬ ಚಿಂತೆ, ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ, ಇವೆಲ್ಲ ಕಾರಣ. ಇವು ಮನುಷ್ಯರು ಮಾಡಿದ ಕಟ್ಟುಗಳು, ಮನುಷ್ಯರೇ ಬದಲಿಸಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೆ ಕಾಯಿದೆ ಪುಸ್ತಕದಿಂದ ಜಗುಲಿಗೆ ಇಳಿಯಬೇಕಾದರೆ ಯಾರಾದರೂ ಅದನ್ನು ಮನೆಗೆ ತರಬೇಕು.

ಆ ಕೆಲಸ ನಿಮ್ಮದು. ವರ್ಣತಂತುವಿನ ಪಾಠ ನಿಮ್ಮ ಪಠ್ಯಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಅದಕ್ಕೆ ಉತ್ತರ ಬರೆದು ಅಂಕ ಪಡೆಯುವ ಎಷ್ಟೋ ಮಕ್ಕಳು, ಮನೆಯಲ್ಲಿ ಅತ್ತಿಗೆಯನ್ನೋ ಚಿಕ್ಕಮ್ಮನನ್ನೋ ಹೆಣ್ಣು ಹೆತ್ತಳೆಂದು ಹಂಗಿಸುವಾಗ ಬಾಯಿ ತೆರೆಯುವುದಿಲ್ಲ. ಮುಂದೆ ಅಂಥ ಮಾತು ಬಂದಾಗ ಜಗಳವಾಡಬೇಡಿ. ಜೇಬಿನಿಂದ ಒಂದು ನಾಣ್ಯ ತೆಗೆದು ಅಜ್ಜಿಯ ಕೈಗೆ ಕೊಡಿ. "ಅಜ್ಜೀ, ಚಿಮ್ಮು ನೋಡಾಣ" ಎನ್ನಿ. ನಾಲ್ಕು ಸಲ ಚಿಮ್ಮಿಸಿ. ಆಮೇಲೆ ಎಕ್ಸ್, ವೈ ಕತೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಅಜ್ಜಿ ಮೊದಲ ದಿನವೇ ಒಪ್ಪದಿರಬಹುದು. ಆದರೆ ಒಳಗೆ ಒಲೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಆ ಅತ್ತಿಗೆಗೆ, ತಪ್ಪು ತನ್ನದಲ್ಲ ಎಂದು ಹೇಳಿದ ಮೊದಲ ವ್ಯಕ್ತಿ ನೀವಾಗಿರುತ್ತೀರಿ.